ಜರ್ಮನಿಯ ಸಣ್ಣ ಊರುಗಳಲ್ಲಿ ಒಂದು ವಾರ: ಕೋಟೆ, ಕಸುಬು ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಯಾರಾದರೂ ಜರ್ಮನಿಗೆ ಹೊರಟರೆ ಸಾಕು, ನನ್ನ ಫೋನಿಗೆ ಅವೇ ಪ್ರಶ್ನೆಗಳು ಬರುತ್ತವೆ. ನೆಂಟರು, ನೆಂಟರ ಸ್ನೇಹಿತರು, ಆ ಸ್ನೇಹಿತರ ಆಫೀಸಿನವರು. ಪ್ರತಿ ಸಲ ಹೊಸದಾಗಿ ಟೈಪ್ ಮಾಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಬರ್ಲಿನ್, ಮ್ಯೂನಿಕ್ ನೋಡಲು ಹೊರಟವರಿಗೆ ಇದರಿಂದ ಜಾಸ್ತಿ ಉಪಯೋಗವಿಲ್ಲ. ಬೆಟ್ಟದ ಮೇಲೊಂದು ಕೋಟೆ, ಅದರ ಬುಡದಲ್ಲಿ ತಲೆತಲಾಂತರದಿಂದ ಒಂದೇ ಕೆಲಸ ಮಾಡಿಕೊಂಡು ಬಂದಿರುವ ಪುಟ್ಟ ಊರು, ಅಂಥವು ಇಷ್ಟವಾಗುವವರಿಗೆ ಇದು.

ಅಂಥ ಊರುಗಳು ನೂರಾರಿವೆ. ಯಾವುದನ್ನು ಆರಿಸಿಕೊಳ್ಳೋದು?

ಮೊದಲ ಸಲ ಬರುವವರಿಗೆ ನಾನು ಹೇಳುವುದು ನಾಲ್ಕೇ ಹೆಸರು: ಐಸೆನಾಖ್, ಕ್ವೆಡ್ಲಿನ್‌ಬುರ್ಗ್, ಮೈಸನ್, ಸೈಫನ್. ಮೊದಲನೆಯದು ಕೋಟೆಗೆ, ಎರಡನೆಯದು ಮರದ ಚೌಕಟ್ಟಿನ ಮನೆಗಳಿಗೆ, ಮೂರನೆಯದು ಪಿಂಗಾಣಿಗೆ, ನಾಲ್ಕನೆಯದು ಮರದ ಬೊಂಬೆಗೆ. ನಾಲ್ಕೂ ಜರ್ಮನಿಯ ನಡುಭಾಗದಿಂದ ಪೂರ್ವದ ಕಡೆಗೆ, ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಿಗುತ್ತವೆ. 1990ರವರೆಗೆ ಇವೆಲ್ಲ ಪೂರ್ವ ಜರ್ಮನಿಯಲ್ಲಿದ್ದವು. ಆಗ ಹಳೇ ಮನೆಗಳನ್ನು ಒಡೆದು ಹೊಸದು ಕಟ್ಟಲು ಸರ್ಕಾರದ ಹತ್ತಿರ ದುಡ್ಡಿರಲಿಲ್ಲ. ಎಷ್ಟೋ ಮನೆಗಳು ಪಾಳುಬಿದ್ದವು ನಿಜ. ಆದರೆ ಉಳಿದಷ್ಟು ಉಳಿದದ್ದಕ್ಕೂ ಅದೇ ಕಾರಣ.

ಎಷ್ಟು ದಿನ ಬೇಕು?

ಆರು ರಾತ್ರಿ. ಐಸೆನಾಖ್‌ನಲ್ಲಿ ಒಂದು, ಕ್ವೆಡ್ಲಿನ್‌ಬುರ್ಗ್‌ನಲ್ಲಿ ಎರಡು, ಮೈಸನ್‌ನಲ್ಲಿ ಎರಡು, ಸೈಫನ್‌ನಲ್ಲಿ ಒಂದು. ನಾಲ್ಕೇ ರಾತ್ರಿ ಇದ್ದರೆ ಐಸೆನಾಖ್, ಕ್ವೆಡ್ಲಿನ್‌ಬುರ್ಗ್ ಎರಡನ್ನೂ ಕೈಬಿಡಿ, ಮಿಕ್ಕ ಎರಡನ್ನು ಪೂರ್ತಿ ನೋಡಿ. ನಾಲ್ಕು ರಾತ್ರಿಯಲ್ಲಿ ನಾಲ್ಕು ಊರು ಅಂತ ಲೆಕ್ಕ ಹಾಕಿದರೆ ನೆನಪಲ್ಲಿ ಉಳಿಯುವುದು ರೈಲ್ವೆ ಪ್ಲಾಟ್‌ಫಾರ್ಮು ಮಾತ್ರ. ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ, ಅದನ್ನು ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದು. ಕಸುಬು ಹಾಗಲ್ಲ. ಒಬ್ಬರ ಕೈಕೆಲಸ ಅರ್ಥವಾಗಬೇಕಾದರೆ ಅವರ ಮುಂದೆ ಅರ್ಧ ಗಂಟೆ ಸುಮ್ನೆ ನಿಲ್ಲಬೇಕು.

ಹಾಗಾದರೆ ನೊಯ್‌ಶ್ವಾನ್‌ಸ್ಟೈನ್ ನೋಡೋದು ಬೇಡವಾ?

ಎಲ್ಲರಿಗೂ ಬರುವ ಸಂಕಟ ಇದು. ಕ್ಯಾಲೆಂಡರಿನಲ್ಲಿ ನೋಡಿದ್ದ ಆ ಬಿಳಿ ಅರಮನೆ ಅಲ್ವಾ! ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಹಳೇ ಕೋಟೆ ಅಲ್ಲ. ಬವೇರಿಯಾದ ರಾಜ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಿಸಲು ಶುರುಮಾಡಿದ. 1886ರಲ್ಲಿ ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಅಂದರೆ ನಮ್ಮ ಮುಂಬೈ ವಿ.ಟಿ. ಸ್ಟೇಷನ್ನಿನ ಕಾಲದ ಕಟ್ಟಡ. ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಟಿಕೆಟ್‌ನಲ್ಲಿ ಬರೆದ ನಿಮಿಷಕ್ಕೆ ಒಳಗೆ ಬಿಡುತ್ತಾರೆ, ಅರ್ಧ ಗಂಟೆ ಸುತ್ತಿಸಿ ಹೊರಗೆ ಕಳಿಸುತ್ತಾರೆ, ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ನೋಡಲೇಬೇಕು ಅನ್ನುವವರು ಮ್ಯೂನಿಕ್‌ನಿಂದ ಒಂದು ದಿನ ಹೋಗಿ ಬನ್ನಿ. ಈ ಪ್ರವಾಸಕ್ಕೆ ಅದನ್ನು ಸೇರಿಸಬೇಡಿ, ದಿಕ್ಕೇ ಬೇರೆ.

ರೋಥೆನ್‌ಬುರ್ಗ್?

ಸುತ್ತಲೂ ಹಳೇ ಗೋಡೆ ಇರುವ, ನಿಜವಾಗಿಯೂ ಚಂದದ ಊರು. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅದು ಊರಲ್ಲ, ಜಾತ್ರೆ. ಹೋಗುವುದಾದರೆ ರಾತ್ರಿ ಅಲ್ಲೇ ಉಳಿಯಿರಿ. ಟೂರಿಸ್ಟ್ ಬಸ್ಸುಗಳು ಹೋದ ಮೇಲೆ, ಲಾಟೀನು ಹಿಡಿದ ರಾತ್ರಿ ಕಾವಲುಗಾರನ ವೇಷದವರ ಜೊತೆ ಒಂದು ಸುತ್ತು ನಡೆದರೆ ಹೋದದ್ದಕ್ಕೂ ಸಾರ್ಥಕ.

ಬುರ್ಗ್, ಬೆರ್ಗ್, ಶ್ಲೋಸ್ ಎಲ್ಲಾ ಒಂದೇನಾ?

ಅಲ್ಲ. ಬುರ್ಗ್ ಅಂದರೆ ನಮ್ಮ ದುರ್ಗ, ಕಾದಾಡಲು ಕಟ್ಟಿದ್ದು. ಬೆರ್ಗ್ ಅಂದರೆ ಬೆಟ್ಟ. ಶ್ಲೋಸ್ ಅಂದರೆ ಅರಮನೆ, ವಾಸಕ್ಕೆ ಕಟ್ಟಿದ್ದು. ಚಿತ್ರದುರ್ಗಕ್ಕೂ ಮೈಸೂರು ಅರಮನೆಗೂ ಇರುವಷ್ಟು ವ್ಯತ್ಯಾಸ. ಆದರೆ ಹೆಸರು ನಂಬಿ ಹೋದರೆ ಮೋಸ ಹೋಗಬಹುದು. ಮೈಸನ್‌ನ ಆಲ್ಬ್ರೆಕ್ಟ್ಸ್‌ಬುರ್ಗ್‌ಗೆ ಹೆಸರಲ್ಲೇ ಬುರ್ಗ್ ಇದೆ. 1471ರಲ್ಲಿ ಶುರುವಾದ ಆ ಕಟ್ಟಡವನ್ನು ಜರ್ಮನಿಯ ಮೊದಲ ಶ್ಲೋಸ್ ಅಂತಲೇ ಕರೆಯುತ್ತಾರೆ. ದೊಡ್ಡ ದೊಡ್ಡ ಕಿಟಕಿ ನೋಡಿದರೆ ಗೊತ್ತಾಗುತ್ತದೆ. ಯುದ್ಧದ ಭಯ ಇದ್ದವರು ಅಷ್ಟಗಲದ ಕಿಟಕಿ ಇಡುತ್ತಿರಲಿಲ್ಲ.

ಐಸೆನಾಖ್‌ನ ಕೋಟೆಯಲ್ಲಿ ಅಂಥದ್ದೇನಿದೆ?

ವಾರ್ಟ್‌ಬುರ್ಗ್ ಕೋಟೆ. 1067ರಲ್ಲಿ ಶುರುವಾಯಿತು ಅನ್ನುವುದು ಐತಿಹ್ಯ. 1999ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಪೋಪ್‌ಗೆ ಎದುರುನಿಂತ ಮಾರ್ಟಿನ್ ಲೂಥರ್ 1521ರಲ್ಲಿ ಗಡ್ಡ ಬಿಟ್ಟು, ಹೆಸರು ಬದಲಾಯಿಸಿಕೊಂಡು ಅಡಗಿಕೊಂಡದ್ದು ಇಲ್ಲೇ. ಸುಮ್ನೆ ಕೂರಲಿಲ್ಲ. ಸುಮಾರು ಹನ್ನೊಂದು ವಾರದಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದ. ಮನೆಯಲ್ಲಿ, ಸಂತೆಯಲ್ಲಿ ಜನ ಆಡುವ ಮಾತಿಗೆ ಹತ್ತಿರದ ಜರ್ಮನ್ ಅದು.

ಅವನ ಕೋಣೆಗೆ ಹೋದರೆ ನಿರಾಸೆ ಆಗಬಹುದು. ಹಲಗೆಯ ಗೋಡೆ, ಒಂದು ಮೇಜು, ಒಂದು ಕುರ್ಚಿ, ಕಾಲಿಡಲು ತಿಮಿಂಗಿಲದ ಬೆನ್ನುಮೂಳೆಯ ಒಂದು ತುಂಡು. ದೆವ್ವದ ಮೇಲೆ ಲೂಥರ್ ಮಸಿ ಕುಡಿಕೆ ಎಸೆದ, ಕಲೆ ಗೋಡೆ ಮೇಲೆ ಉಳಿಯಿತು ಅಂತ ಒಂದು ಕಥೆ ಇದೆ. ಬಂದ ಭಕ್ತರು ಆ ಕಲೆಯನ್ನು ಕೆರೆದು ಕೆರೆದು ಒಯ್ದರು, ಕೋಟೆಯವರು ಮತ್ತೆ ಮತ್ತೆ ಬಳಿದರು! ಈಗ ಅಲ್ಲಿ ಕಲೆಯೂ ಇಲ್ಲ, ಗಾರೆಯೂ ಇಲ್ಲ.

ಸಂಗೀತ ಇಷ್ಟವಿದ್ದರೆ ಊರೊಳಗಿನ ಬಾಖ್ ಮ್ಯೂಸಿಯಂಗೂ ಹೋಗಿ. ಪಾಶ್ಚಾತ್ಯ ಸಂಗೀತದ ದೊಡ್ಡ ಹೆಸರು ಬಾಖ್ ಹುಟ್ಟಿದ ಊರು ಇದು, 1685ರಲ್ಲಿ. ಹಳೇ ಕಾಲದ ಕೀಬೋರ್ಡ್ ವಾದ್ಯಗಳನ್ನು ಬಂದವರ ಮುಂದೆಯೇ ನುಡಿಸಿ ತೋರಿಸುತ್ತಾರೆ.

ಕ್ವೆಡ್ಲಿನ್‌ಬುರ್ಗ್‌ನಲ್ಲಿ ಹಳೇ ಮನೆ ಬಿಟ್ಟು ಇನ್ನೇನಿದೆ?

ಹಳೇ ಮನೆಗಳನ್ನು ಬಿಡುವುದಾದರೆ ಹೋಗುವುದೇ ಬೇಡ! ಎರಡು ಸಾವಿರಕ್ಕೂ ಹೆಚ್ಚು ಮರದ ಚೌಕಟ್ಟಿನ ಮನೆಗಳಿವೆ. 1994ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಗೋಡೆ ಹೇಗೆ ಕಟ್ಟಿದ್ದಾರೆ ಅಂತ ಹತ್ತಿರ ಹೋಗಿ ನೋಡಿ. ಓಕ್ ಮರದ ಕಂಬ, ಅಡ್ಡ ತೊಲೆ, ನಡುವಿನ ಜಾಗದಲ್ಲಿ ಕಡ್ಡಿ ಹೆಣೆದು ಹುಲ್ಲು ಬೆರೆಸಿದ ಮಣ್ಣು ಮೆತ್ತಿದ್ದಾರೆ. ನಮ್ಮ ಕಡೆಯ ತಡಿಕೆ ಗೋಡೆಯೇ. ಮರಕ್ಕೆ ಮರ ಸೇರಿಸುವಲ್ಲಿ ಮರದ ಗೂಟವನ್ನೇ ಹೊಡೆದಿದ್ದಾರೆ. ಮೇಲಿನ ಮಹಡಿ ಕೆಳಗಿನದಕ್ಕಿಂತ ಒಂದಡಿ ಬೀದಿಗೆ ಚಾಚಿಕೊಂಡಿರುತ್ತದೆ. ಬಾಗಿಲ ಮೇಲಿನ ತೊಲೆಯಲ್ಲಿ ಕಟ್ಟಿದ ವರ್ಷ ಕೆತ್ತಿರುವುದೂ ಉಂಟು. ವರ್ಡ್‌ಗಾಸೆ ಬೀದಿಯ 3ನೇ ನಂಬರಿನ ಮನೆ 14ನೇ ಶತಮಾನದ್ದು. ಈಗ ಅದೇ ಮರಗೆಲಸದ ಮ್ಯೂಸಿಯಂ. ಚಿಕ್ಕದು, ಆದರೆ ಮೊದಲು ಅದನ್ನು ನೋಡಿಕೊಂಡು ಆಮೇಲೆ ಬೀದಿ ಸುತ್ತಿದರೆ ಕಣ್ಣಿಗೆ ಬೀಳುವುದು ಜಾಸ್ತಿ.

ಗುಡ್ಡದ ಮೇಲಿನ ಚರ್ಚಿನಲ್ಲಿ 936ರಲ್ಲಿ ತೀರಿಕೊಂಡ ರಾಜ ಒಂದನೇ ಹೈನ್ರಿಖ್‌ನನ್ನು ಹೂಳಿದ್ದರು. ಅಲ್ಲಿನ ಭಂಡಾರದ್ದು ಒಂದು ಪತ್ತೇದಾರಿ ಕಥೆ. 1945ರಲ್ಲಿ ಅಮೆರಿಕದ ಒಬ್ಬ ಸೈನಿಕ ಅದರಲ್ಲಿ ಕೆಲವನ್ನು ಕದ್ದು ಪಾರ್ಸೆಲ್ ಮಾಡಿ ಟೆಕ್ಸಸ್‌ನ ಮನೆಗೆ ಕಳಿಸಿಬಿಟ್ಟ. ಅವನು ಸತ್ತ ಮೇಲೆ ಮಾರಾಟಕ್ಕೆ ಬಂದಾಗ ಸಿಕ್ಕಿಬಿತ್ತು. 1990ರ ದಶಕದಲ್ಲಿ ವಾಪಸ್ ಬಂತು.

ಅಲ್ಲಿ ಆವಿ ರೈಲು ಇದೆಯಂತಲ್ಲ?

ಇದೆ, ಪ್ರದರ್ಶನಕ್ಕಲ್ಲ, ದಿನಾ ಓಡುತ್ತದೆ. ಹಾರ್ಟ್ಸ್ ಬೆಟ್ಟಸಾಲಿನ ಮೀಟರ್ ಗೇಜ್ ರೈಲು. ಒಟ್ಟು ಸುಮಾರು 140 ಕಿಲೋಮೀಟರ್ ಹಳಿ. ಪಕ್ಕದ ವೆರ್ನಿಗೆರೋಡೆ ಊರಿನಿಂದ 1,141 ಮೀಟರ್ ಎತ್ತರದ ಬ್ರೋಕನ್ ಶಿಖರಕ್ಕೆ ಹತ್ತುತ್ತದೆ. ಟಿಕೆಟ್ ದುಬಾರಿ. ಮೋಡ ಕವಿದ ದಿನ ಹೋದರೆ ಮೇಲೆ ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಬೆಳಿಗ್ಗೆ ಎದ್ದು ಆಕಾಶ ನೋಡಿ, ಆಮೇಲೆ ನಿರ್ಧಾರ ಮಾಡಿ. ವೆರ್ನಿಗೆರೋಡೆಯಲ್ಲೂ ಗುಡ್ಡದ ಮೇಲೊಂದು ಅರಮನೆ ಇದೆ. ಈಗಿನ ರೂಪ 19ನೇ ಶತಮಾನದ್ದು. ನನಗಂತೂ ಅದಕ್ಕಿಂತ ಊರ ನಡುವಿನ, ಎರಡು ಚೂಪು ಗೋಪುರದ ಪುರಸಭೆ ಕಟ್ಟಡವೇ ಹೆಚ್ಚು ಇಷ್ಟ.

ಮೈಸನ್‌ನಲ್ಲಿ ಪಿಂಗಾಣಿ ಮಾಡೋದನ್ನು ನಿಜವಾಗಿ ನೋಡಬಹುದಾ?

ನೋಡಬಹುದು. ಕಾರ್ಖಾನೆಯ ಒಳಗೇ ಸಂದರ್ಶಕರಿಗೆ ಅಂತ ಕಾರ್ಯಾಗಾರ ಇದೆ. ಒಬ್ಬರು ತಿಗುರಿಯ ಮೇಲೆ ಬಟ್ಟಲು ಎತ್ತುತ್ತಾರೆ, ಒಬ್ಬರು ಅಚ್ಚಿನ ತುಂಡುಗಳನ್ನು ಜೋಡಿಸಿ ಗೊಂಬೆ ಮಾಡುತ್ತಾರೆ, ಇಬ್ಬರು ಬಣ್ಣ ಹಚ್ಚುತ್ತಾರೆ. ಹಸಿ ಬಟ್ಟಲನ್ನೂ ಸುಟ್ಟ ಬಟ್ಟಲನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಸೋಜಿಗವಾಗುತ್ತದೆ. ಸುಟ್ಟ ಮೇಲೆ ಆರರಲ್ಲಿ ಒಂದು ಪಾಲು ಕುಗ್ಗಿರುತ್ತದೆ. ಹಾಗಾಗಿ ಎಲ್ಲವನ್ನೂ ಮೊದಲೇ ಅಷ್ಟು ದೊಡ್ಡದಾಗಿ ಮಾಡಬೇಕು.

ನೀಲಿ ಬಣ್ಣದ ಕೆಲಸ ಮಾಡುವವರ ಹತ್ತಿರ ತಪ್ಪದೆ ನಿಲ್ಲಿ. ಒಂದು ಸಲ ಸುಟ್ಟ, ಇನ್ನೂ ಹೊಳಪು ಹಾಕದ ತಟ್ಟೆ ಬಳಪದ ಹಾಗೆ ನೀರು ಹೀರುತ್ತದೆ. ಕುಂಚ ಇಟ್ಟ ಕ್ಷಣ ಕೋಬಾಲ್ಟ್ ಬಣ್ಣ ಒಳಗೆ ಇಳಿದುಬಿಡುತ್ತದೆ. ಅಳಿಸಲು ಆಗುವುದಿಲ್ಲ, ತಿದ್ದಲೂ ಆಗುವುದಿಲ್ಲ. ರಂಗೋಲಿಯ ಎಳೆ ಎಳೆಯುವವರ ಕೈಯಂತೆ ಒಂದೇ ಓಟದಲ್ಲಿ ಎಲೆ, ಬಳ್ಳಿ, ಹಣ್ಣು. ಅದಕ್ಕೆ ಈರುಳ್ಳಿ ವಿನ್ಯಾಸ ಅಂತ ಹೆಸರು. ಆದರೆ ಈರುಳ್ಳಿ ಅದರಲ್ಲಿ ಇಲ್ಲ! ಚೀನಾದ ತಟ್ಟೆಗಳಲ್ಲಿದ್ದ ದಾಳಿಂಬೆ, ಪೀಚ್ ಹಣ್ಣುಗಳು ಇಲ್ಲಿಯವರಿಗೆ ಈರುಳ್ಳಿಯಾಗಿ ಕಂಡವು.

ಇದರ ಹಿಂದಿನ ಕಥೆಯೂ ಮಜಾ. ಬ್ಯೋಟ್ಗರ್ ಅನ್ನುವ ಹುಡುಗ ಚಿನ್ನ ಮಾಡುತ್ತೇನೆ ಅಂತ ಜಂಬ ಕೊಚ್ಚಿಕೊಂಡ. ಸ್ಯಾಕ್ಸನಿಯ ದೊರೆ ಆಗಸ್ಟಸ್ ಅವನನ್ನು ಹಿಡಿದು ಕೂಡಿಹಾಕಿ ‘ಮಾಡು’ ಅಂದ. ಚಿನ್ನ ಬರಲಿಲ್ಲ, ಪಿಂಗಾಣಿಯ ಗುಟ್ಟು ಸಿಕ್ಕಿತು. ಅಲ್ಲಿಯವರೆಗೆ ಯುರೋಪಿಗೆ ಗಟ್ಟಿ ಪಿಂಗಾಣಿ ಚೀನಾ, ಜಪಾನಿನಿಂದಲೇ ಬರಬೇಕಿತ್ತು. 1710ರಲ್ಲಿ ಕಾರ್ಖಾನೆ ಶುರುವಾಯಿತು, ಅದೂ ಬೆಟ್ಟದ ಮೇಲಿನ ಆಲ್ಬ್ರೆಕ್ಟ್ಸ್‌ಬುರ್ಗ್‌ನಲ್ಲೇ. ಗುಟ್ಟು ಹೊರಗೆ ಹೋಗಬಾರದಲ್ಲ! ನೂರೈವತ್ತು ವರ್ಷ ಅಲ್ಲೇ ಇತ್ತು. ಕೋಟೆಯನ್ನೂ ಕಸುಬನ್ನೂ ಒಂದೇ ಕಟ್ಟಡದಲ್ಲಿ ನೋಡಬೇಕಾದರೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಪೇಟೆ ಚೌಕದ ಫ್ರೌಎನ್‌ಕಿರ್ಖೆ ಚರ್ಚಿನ ಗೋಪುರದಲ್ಲಿ 1929ರಿಂದ ಪಿಂಗಾಣಿಯ ಗಂಟೆಗಳಿವೆ. ಅವು ಬಾರಿಸುವ ಹೊತ್ತಿಗೆ ಚೌಕದಲ್ಲಿ ಇರಿ. ಕಂಚಿನ ಗಂಟೆಯ ಗಾಂಭೀರ್ಯ ಇಲ್ಲ, ಚಮಚದಿಂದ ಲೋಟ ತಟ್ಟಿದ ಹಾಗೆ ಮೆಲುವಾದ ಸದ್ದು.

ಅಲ್ಲಿ ಏನಾದರೂ ಕೊಳ್ಳಬಹುದಾ, ಬರೀ ನೋಡೋದಾ?

ಚಿಕ್ಕ ಕಾಫಿ ಬಟ್ಟಲಿಗೇ 100 ಯೂರೋ ದಾಟುವುದು ಸಾಮಾನ್ಯ. ತಳದಲ್ಲಿ ನೀಲಿ ಬಣ್ಣದ ಎರಡು ಅಡ್ಡ ಕತ್ತಿಗಳ ಗುರುತು ಇರುತ್ತದೆ. 1722ರಿಂದ ಬಂದ ಗುರುತು, ಇವತ್ತಿಗೂ ಕೈಯಲ್ಲೇ ಬರೆಯುತ್ತಾರೆ. ಆ ಕತ್ತಿಗಳ ಮೇಲೆ ಗೀರು ಎಳೆದಿದ್ದರೆ ಅದು ಎರಡನೇ ದರ್ಜೆಯ ಮಾಲು, ಎಲ್ಲೋ ಸಣ್ಣ ಕೊರತೆ ಇದೆ ಅಂತ ಅರ್ಥ. ಹಳೇ ಸಾಮಾನಿನ ಅಂಗಡಿಯಲ್ಲಿ ‘ಅಪ್ಪಟ ಮೈಸನ್’ ಅಂದರೆ ಮೊದಲು ತಿರುಗಿಸಿ ಗೀರು ಹುಡುಕಿ.

ಸೈಫನ್ ಅಷ್ಟು ದೂರ. ಹೋಗಲೇಬೇಕಾ? ನಮ್ಮ ಚನ್ನಪಟ್ಟಣದ ಬೊಂಬೆ ನೋಡಿದವರಿಗೆ ಅಲ್ಲೇನು ಹೊಸತು?

ಚನ್ನಪಟ್ಟಣ ನೋಡಿದವರೇ ಹೋಗಬೇಕು. ಬೇರೆಯವರಿಗಿಂತ ಅವರಿಗೇ ಜಾಸ್ತಿ ಅರ್ಥವಾಗುತ್ತದೆ.

ಸೈಫನ್ ಇರುವುದು ಜೆಕ್ ಗಡಿಯ ಹತ್ತಿರದ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳಲ್ಲಿ. ಮೊದಲು ತವರದ ಗಣಿಗಳಿದ್ದ ಊರು. ಅದಿರು ಮುಗಿಯುತ್ತಾ ಬಂದ ಹಾಗೆ ಗಣಿ ಕೆಲಸದವರು ಹೊಟ್ಟೆಪಾಡಿಗೆ ಕಾಡಿನ ಮರ ಹಿಡಿದರು. ತಟ್ಟೆ, ಗುಂಡಿ ಮಾಡುತ್ತಿದ್ದವರು ಬೊಂಬೆಗೆ ಬಂದರು.

ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ತಿರುಗುತ್ತಿರುತ್ತದೆ, ಉಳಿ ತಾಗಿದ ಹಾಗೆ ಬೊಂಬೆಯ ತಲೆ, ಸೊಂಟ ಕಣ್ಣೆದುರೇ ಮೂಡುತ್ತವೆ. ಅರಗಿನ ಬಣ್ಣದ ಕಡ್ಡಿ ಒತ್ತಿದರೆ ಹೊಳಪು ಬರುತ್ತದೆ. ಸೈಫನ್‌ನ ಒಂದು ಪದ್ಧತಿಯಲ್ಲಿ ಬೊಂಬೆ ಕಣ್ಣಿಗೇ ಕಾಣುವುದಿಲ್ಲ. ನೀರಲ್ಲಿ ನೆನೆಸಿಟ್ಟ ಸ್ಪ್ರೂಸ್ ಮರದ ದಪ್ಪ ಬಿಲ್ಲೆಯನ್ನು ಚರಕಿಗೆ ಕಟ್ಟುತ್ತಾರೆ. ಉಳಿ ತಾಗಿದ ಕೂಡಲೇ ಒದ್ದೆ ಸಿಪ್ಪೆ ಉದ್ದುದ್ದ ಎಳೆಯಾಗಿ ಹಾರಿ, ಮಾಡುವವರ ತೋಳಿನ ಮೇಲೆಲ್ಲ ಬೀಳುತ್ತದೆ. ಹಸಿ ಮರದ ವಾಸನೆ. ನಮಗೆ ಕಾಣುವುದು ಬರೀ ಉಬ್ಬುತಗ್ಗಿನ ಗೆರೆಗಳು, ಮುರುಕಿನ ಅಚ್ಚಿನ ಹಾಗೆ. ಒಂದು ಮಗ್ಗುಲು ಮುಗಿದ ಮೇಲೆ ತಿರುಗಿಸಿ ಕಟ್ಟಿ ಇನ್ನೊಂದು ಮಗ್ಗುಲು ಕೊರೆಯುತ್ತಾರೆ. ಕೊನೆಗೆ ಕೈಗೆ ಬರುವುದು ಒಂದು ದಪ್ಪ ಮರದ ಬಳೆ. ಏನಿದು ಅಂತ ನೋಡುವವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ.

ಆಗ ಅದರ ಮೇಲೆ ಚಾಕು ಇಟ್ಟು ಮೆಲ್ಲಗೆ ತಟ್ಟುತ್ತಾರೆ. ಹಲಸಿನ ತೊಳೆ ಬಿಡಿಸಿದ ಹಾಗೆ ಒಂದು ಹೋಳು ಬಿಡಿಸಿಕೊಳ್ಳುತ್ತದೆ. ಅಡ್ಡಲಾಗಿ ಹಿಡಿದರೆ ಕುದುರೆ! ಕಾಲು, ಹೊಟ್ಟೆ, ಕತ್ತು, ಎಲ್ಲಾ ಇದೆ. ಮತ್ತೆ ತಟ್ಟಿದರೆ ಮತ್ತೊಂದು. ಒಂದು ಬಳೆಯಲ್ಲಿ ಡಜನ್‌ಗಟ್ಟಲೆ. ಮಾಡುವವರು ಆ ಕುದುರೆಯನ್ನು ಅಷ್ಟು ಹೊತ್ತೂ ಮನಸ್ಸಿನಲ್ಲೇ ನೋಡಿಕೊಂಡು ಕೊರೆದಿರುತ್ತಾರೆ. ಆಮೇಲೆ ಅಂಚು ಕೆತ್ತಿ, ಕಿವಿ, ಬಾಲ ಅಂಟಿಸಿ, ಬಣ್ಣ ಹಚ್ಚುತ್ತಾರೆ. ಈ ವಿದ್ಯೆ ಬೆಳೆದದ್ದೇ ಈ ಊರಲ್ಲಿ. ಊರಿನ ಬಯಲು ಮ್ಯೂಸಿಯಂನಲ್ಲಿ ಮಾಡಿ ತೋರಿಸುತ್ತಾರೆ. ಎಷ್ಟು ಗಂಟೆಗೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಆ ಪ್ರದರ್ಶನ ತಪ್ಪಿದರೆ ಸೈಫನ್ ಬರೀ ಅಂಗಡಿ ಬೀದಿ ಆಗಿಬಿಡುತ್ತದೆ.

ನಮ್ಮ ಮಾವ ಎಪ್ಪತ್ತೆರಡು ವರ್ಷದವರು, ಕೋಟೆಗಳಲ್ಲಿ ಬೆಂಚು ಹುಡುಕಿ ಕೂತಿದ್ದವರು. ಇಲ್ಲಿ ಎರಡು ಪ್ರದರ್ಶನ ನಿಂತೇ ನೋಡಿದರು.

ಗಾಜಿನ ಕೆಲಸ ನೋಡಬೇಕು ಅಂದರೆ?

ಲೌಶಾ. ಟ್ಯುರಿಂಗಿಯಾದ ಕಣಿವೆಯಲ್ಲಿರುವ ಊರು, 1597ರಲ್ಲಿ ಗಾಜಿನ ಕುಲುಮೆಯಿಂದಲೇ ಹುಟ್ಟಿತು. ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಗಾಜಿನ ಗುಂಡುಗಳು ಇಲ್ಲಿಂದಲೇ ಲೋಕಕ್ಕೆಲ್ಲ ಹೋದವು. ಗಾಜಿನ ಕಣ್ಣುಗಳನ್ನೂ 1835ರಿಂದ ಮಾಡುತ್ತಿದ್ದಾರೆ, ಬೊಂಬೆಗೂ ಮನುಷ್ಯರಿಗೂ. ಮೇಲೆ ಹೇಳಿದ ದಾರಿಗೆ ಇದು ಸೇರುವುದಿಲ್ಲ. ನ್ಯೂರೆನ್‌ಬೆರ್ಗ್, ಎರ್ಲಾಂಗೆನ್ ಕಡೆ ನೆಂಟರಿದ್ದರೆ ಅಲ್ಲಿಂದ ಸೊನ್ನೆಬೆರ್ಗ್ ಮೇಲೆ ರೈಲಿನಲ್ಲಿ ಹೋಗಿ ಬನ್ನಿ. ದಾರಿಯಲ್ಲೇ ಕೋಬುರ್ಗ್ ಕೋಟೆ.

ಯಾವ ತಿಂಗಳು ಒಳ್ಳೆಯದು?

ಮೇ, ಜೂನ್, ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ.

ಇನ್ನೊಂದು ಕಾಲ ನವೆಂಬರ್ ಕೊನೆಯಿಂದ ಕ್ರಿಸ್‌ಮಸ್‌ವರೆಗೆ. ಕ್ವೆಡ್ಲಿನ್‌ಬುರ್ಗ್‌ನಲ್ಲಿ ಆಗ ಕೆಲವು ವಾರಾಂತ್ಯ ಹಳೇ ಮನೆಗಳ ಒಳ ಅಂಗಳಗಳನ್ನು ಎಲ್ಲರಿಗೂ ತೆರೆಯುತ್ತಾರೆ. ಸೈಫನ್‌ನಲ್ಲಿ ಪ್ರತಿ ಕಿಟಕಿಯಲ್ಲೂ ಕಮಾನಿನಾಕಾರದ ದೀಪ. ಚಳಿಗಾಲದಲ್ಲಿ ಕತ್ತಲಲ್ಲೇ ಗಣಿಗಿಳಿದು ಕತ್ತಲಲ್ಲೇ ಮೇಲೆ ಬರುತ್ತಿದ್ದವರ ಊರು, ಬೆಳಕಿನ ಆಸೆ ಹೇಗಿರುತ್ತದೆ ಯೋಚಿಸಿ. ಆದರೆ ಸಂಜೆ ನಾಲ್ಕಕ್ಕೆ ಕತ್ತಲು, ಜನಜಂಗುಳಿ, ರೂಮಿಗೆ ದುಪ್ಪಟ್ಟು ದರ, ಕಾಲಿಗೆ ಮಂಜುಗಡ್ಡೆ. ಅಮ್ಮ ಅಪ್ಪನನ್ನು ಕರೆದುಕೊಂಡು ಬರುವವರಿಗೆ ಬೇಡ. ಜನವರಿ, ಫೆಬ್ರವರಿ ಯಾರಿಗೂ ಬೇಡ.

ವೀಸಾಕ್ಕೆ ಎಷ್ಟು ಮುಂಚೆ ಅರ್ಜಿ ಹಾಕಬೇಕು?

ಬೇಕಾಗುವುದು ಷೆಂಗೆನ್ ವೀಸಾ, ಯುರೋಪಿನ ಬಹಳಷ್ಟು ದೇಶಗಳಿಗೆ ಅದೊಂದೇ. ಹೊರಡುವ ಆರು ತಿಂಗಳ ಮುಂಚೆಯಿಂದ ಹಾಕಬಹುದು. ಕನಿಷ್ಠ 15 ದಿನ ಮುಂಚೆ ಅನ್ನುತ್ತದೆ ನಿಯಮ, ಅದನ್ನು ನಂಬಿ ಕೂರಬೇಡಿ. ಬೇಸಿಗೆಗೆ ಬರುವವರು ಫೆಬ್ರವರಿ, ಮಾರ್ಚ್‌ನಲ್ಲೇ ಸ್ಲಾಟ್ ಹಿಡಿಯಿರಿ. ವೀಸಾ ಅರ್ಜಿ ತೊಗೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಆಗುತ್ತದೆ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋಗಳ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಪ್ರವಾಸದ ಯೋಜನೆ ಕೇಳುತ್ತಾರೆ. ಆರು ರಾತ್ರಿ, ನಾಲ್ಕು ಊರು, ರೂಮಿನ ಬುಕಿಂಗ್ ಅಂತ ಇದ್ದದ್ದನ್ನೇ ಕೊಡಿ. ಎಂಟು ದಿನಕ್ಕೆ ಆರು ದೇಶ ಅಂತ ಬರೆದರೆ ಓದುವವರಿಗೇ ತಲೆ ಸುತ್ತುತ್ತದೆ.

ರೈಲು ಟಿಕೆಟ್ ಯಾವುದು ಲಾಭ?

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಐಸೆನಾಖ್‌ಗೆ ವೇಗದ ಐಸಿಇ ರೈಲು, ಸುಮಾರು ಎರಡು ಗಂಟೆ. ಇದನ್ನು ಮುಂಚೆಯೇ ತೊಗೊಂಡರೆ ಅಗ್ಗ. ಆದರೆ ಒಂದು ಮಾತು. ಅಗ್ಗದ ಟಿಕೆಟ್ ಅದೇ ರೈಲಿಗೆ ಮಾತ್ರ. ವಿಮಾನ ತಡವಾದರೆ ದುಡ್ಡು ಹೋಯಿತು. ಕನಿಷ್ಠ ಮೂರು ಗಂಟೆ ಅಂತರ ಇಡಿ.

ಆಮೇಲಿನದಕ್ಕೆಲ್ಲ ಊರೂರಿಗೆ ನಿಲ್ಲುವ ರೈಲುಗಳೇ ಸಾಕು. ಸ್ಯಾಕ್ಸನಿ, ಸ್ಯಾಕ್ಸನಿ ಆನ್‌ಹಾಲ್ಟ್, ಟ್ಯುರಿಂಗಿಯಾ ಮೂರೂ ರಾಜ್ಯಕ್ಕೆ ಸೇರಿ ಒಂದು ದಿನದ ಟಿಕೆಟ್ ಇದೆ. ಐದು ಜನರವರೆಗೆ ಒಂದೇ ಟಿಕೆಟ್‌ನಲ್ಲಿ ಹೋಗಬಹುದು, ಜನ ಹೆಚ್ಚಾದ ಹಾಗೆ ಸ್ವಲ್ಪ ಸ್ವಲ್ಪ ದರ ಏರುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ. ನಮ್ಮ ನಾಲ್ಕೂ ಊರು ಈ ಮೂರು ರಾಜ್ಯದಲ್ಲೇ ಬರುತ್ತವೆ.

ದೇಶದೆಲ್ಲೆಡೆ ಲೋಕಲ್ ರೈಲು, ಬಸ್ಸಿಗೆ ನಡೆಯುವ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ 2023ರಲ್ಲಿ 49 ಯೂರೋ ಇತ್ತು, 2026ರ ಜನವರಿಯಿಂದ 63. ವೇಗದ ರೈಲುಗಳಿಗೆ ನಡೆಯುವುದಿಲ್ಲ. ಅದು ಚಂದಾ ಲೆಕ್ಕ, ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳೂ ದುಡ್ಡು ಕಡಿಯುತ್ತದೆ. ಊರಿಗೆ ಹೋಗಿ ಮರೆತು ಎರಡು ತಿಂಗಳು ಕಟ್ಟಿದವರು ನಮ್ಮ ಮನೆಯಲ್ಲೇ ಇದ್ದಾರೆ.

ಸೈಫನ್‌ಗೆ ರೈಲಿಲ್ಲ, ಬಸ್ಸೇ ಗತಿ. ಶನಿವಾರ, ಭಾನುವಾರ ಬಸ್ಸು ಕಡಿಮೆ. ಹೋಗುವ ಬಸ್ಸಿಗಿಂತ ಮೊದಲು ವಾಪಸ್ ಬರುವ ಬಸ್ಸು ನೋಡಿಕೊಳ್ಳಿ.

ಕಾರು ಬಾಡಿಗೆಗೆ ತೊಗೊಂಡರೆ?

ನಾಲ್ಕು ಜನ ಇದ್ದರೆ ಯೋಚಿಸಬಹುದು, ಸೈಫನ್‌ಗೆ ಅನುಕೂಲವೇ. ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಬಲಗಡೆ ಓಡಿಸಬೇಕು. ಬೋರ್ಡಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಈ ನಿಯಮ ನಮ್ಮವರಿಗೆ ಎಷ್ಟು ಹೇಳಿದರೂ ನೆನಪಿರುವುದಿಲ್ಲ. ಹಳೇ ಪೇಟೆಗಳ ಒಳಗೆ ಕಾರು ಬಿಡುವುದಿಲ್ಲ, ಹೊರಗೆ ನಿಲ್ಲಿಸಿ ನಡೆಯಬೇಕು.

ಎಲ್ಲಿ ಉಳಿಯೋದು?

ಹಳೇ ಪೇಟೆಯೊಳಗಿನ ಪೆನ್ಸಿಯೋನ್‌ಗಳಲ್ಲಿ. ಮನೆಯವರೇ ನಡೆಸುವ, ಏಳೆಂಟು ರೂಮಿನ ತಂಗುಮನೆಗಳು. ಇಬ್ಬರಿಗೆ ತಿಂಡಿ ಸೇರಿ ಸುಮಾರು 80ರಿಂದ 110 ಯೂರೋ. ಹೋಟೆಲಿನ ಹಾಗೆ ರಾತ್ರಿಯಿಡೀ ಕೌಂಟರಿನಲ್ಲಿ ಜನ ಇರುವುದಿಲ್ಲ. ಒಂದು ಸಲ ನಾವು ಸಂಜೆ ಏಳಕ್ಕೆ ತಲುಪಿದೆವು. ಬಾಗಿಲು ಹಾಕಿತ್ತು, ಫೋನ್ ಎತ್ತಲಿಲ್ಲ. ಮಳೆಯಲ್ಲಿ ನಲವತ್ತು ನಿಮಿಷ ನಿಂತ ಮೇಲೆ ಗೊತ್ತಾಯಿತು, ಬಾಗಿಲ ಪಕ್ಕದ ಪುಟ್ಟ ಡಬ್ಬಿಯೊಳಗೆ ಬೀಗದ ಕೈ ಇತ್ತು. ಅದನ್ನು ತೆರೆಯುವ ನಂಬರ್ ಕಳಿಸಿದ್ದ ಮೇಲ್ ಸ್ಪ್ಯಾಮ್‌ನಲ್ಲಿ ಕೂತಿತ್ತು. ಎಷ್ಟು ಗಂಟೆಗೆ ಬರುತ್ತೀರಿ ಅಂತ ಮೊದಲೇ ತಿಳಿಸಿ, ಸ್ಪ್ಯಾಮ್ ಕೂಡ ನೋಡಿ.

ಕ್ವೆಡ್ಲಿನ್‌ಬುರ್ಗ್, ವೆರ್ನಿಗೆರೋಡೆಯಲ್ಲಿ ಉಳಿದರೆ ಪ್ರವಾಸಿ ತೆರಿಗೆ ಕಟ್ಟಬೇಕು, ಬದಲಿಗೆ ಹಾಟಿಕ್ಸ್ ಅನ್ನುವ ಚೀಟಿ ಸಿಗುತ್ತದೆ. ಸುತ್ತಮುತ್ತಲ ಬಸ್ಸುಗಳು ಅದರಲ್ಲಿ ಉಚಿತ. ಅವರಾಗಿ ಕೊಡದಿದ್ದರೆ ಕೇಳಿ ತೊಗೊಳ್ಳಿ.

ನಾವು ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ. ಉಪವಾಸ ಗ್ಯಾರಂಟಿನಾ?

ಇಲ್ಲ, ಆದರೆ ಹುಷಾರಾಗಿರಬೇಕು. ‘ವೆಗೆಟಾರಿಷ್’ ಅಂದರೆ ಮಾಂಸ, ಮೀನು ಇಲ್ಲ ಅಂತ ಅಷ್ಟೇ, ಮೊಟ್ಟೆ ಇರಬಹುದು. ‘ಓನೆ ಐ’ ಅಂದರೆ ಮೊಟ್ಟೆ ಇಲ್ಲದೆ. ‘ಓನೆ ಶ್ಪೆಕ್’ ಅಂದರೆ ಹಂದಿಮಾಂಸದ ಚೂರು ಇಲ್ಲದೆ. ಈ ಎರಡನೆಯದನ್ನು ಬಾಯಿಪಾಠ ಮಾಡಿ. ಆಲೂಗಡ್ಡೆ ಸೂಪು, ಹುರಿದ ಆಲೂಗಡ್ಡೆ ಅಂತ ಖುಷಿಯಾಗಿ ಹೇಳಿದರೆ ಅದರಲ್ಲೂ ಶ್ಪೆಕ್ ಬಂದು ಕೂತಿರುತ್ತದೆ.

ನಂಬಬಹುದಾದದ್ದು: ಬೇಯಿಸಿದ ಆಲೂಗಡ್ಡೆ ಜೊತೆ ಕ್ವಾರ್ಕ್ ಮತ್ತು ಅಗಸೆ ಎಣ್ಣೆ, ಇದು ಸ್ಯಾಕ್ಸನಿಯ ಮನೆ ಊಟ. ಕ್ವಾರ್ಕ್ ಅಂದರೆ ನೀರು ಬಸಿದ ಗಟ್ಟಿ ಮೊಸರಿನ ತರಹ. ಟ್ಯುರಿಂಗಿಯಾದಲ್ಲಿ ಆಲೂಗಡ್ಡೆಯ ದೊಡ್ಡ ಕಡುಬು ಸಿಗುತ್ತದೆ, ಮೇಲೆ ಹಾಕುವ ಸಾರು ಮಾತ್ರ ಮಾಂಸದ್ದು, ಬೇಡ ಅನ್ನಿ. ಯಾವ ಊರಲ್ಲೂ ಒಂದು ಟರ್ಕಿಯವರ ಅಂಗಡಿ ಇದ್ದೇ ಇರುತ್ತದೆ, ಫಲಾಫೆಲ್ ಸಿಗುತ್ತದೆ. ಬೇಕರಿ ಬ್ರೆಡ್ಡಂತೂ ಬಹಳ ಚೆನ್ನಾಗಿದೆ. ಚಟ್ನಿಪುಡಿ ಡಬ್ಬಿ ಒಂದಿದ್ದರೆ ಚಿಂತೆಯೇ ಇಲ್ಲ.

ಹೊತ್ತಿನ ಬಗ್ಗೆ ಎಚ್ಚರ. ಮಧ್ಯಾಹ್ನ ಎರಡಕ್ಕೆ ಎಷ್ಟೋ ಕಡೆ ಅಡುಗೆಮನೆ ಮುಚ್ಚುತ್ತದೆ, ಸಂಜೆ ಎಂಟರ ಮೇಲೆ ಹೋದರೆ ಸಿಗುವುದು ಖಾತ್ರಿ ಇಲ್ಲ.

ವಯಸ್ಸಾದವರು ಇಷ್ಟೆಲ್ಲಾ ನಡೆಯಬಲ್ಲರಾ?

ಮಂಡಿನೋವು ಇದ್ದರೆ ಕಷ್ಟವೇ. ಕೋಟೆ ಅಂದ ಮೇಲೆ ಏರು ಇದ್ದದ್ದೇ. ವಾರ್ಟ್‌ಬುರ್ಗ್‌ಗೆ ಬಸ್ಸು, ಕಾರು ಹೋದರೂ ಕೊನೆಗೆ ಮೆಟ್ಟಿಲು ಅಥವಾ ಏರುದಾರಿ ಇದೆ. ಏರಿಗಿಂತ ತೊಂದರೆ ಕೊಡುವುದು ಬೀದಿಯ ದುಂಡುಕಲ್ಲು. ಕ್ವೆಡ್ಲಿನ್‌ಬುರ್ಗ್ ಸ್ಟೇಷನ್ನಿನಿಂದ ಪೇಟೆಗೆ ಎಳೆದುಕೊಂಡು ಹೋಗುವಾಗ ನಮ್ಮ ಅತ್ತೆಯ ಹೊಸ ಸೂಟ್‌ಕೇಸಿನ ಒಂದು ಚಕ್ರ ಅಲ್ಲೇ ಉಳಿಯಿತು. ಬೆನ್ನಿಗೆ ಹಾಕುವ ಚೀಲ ತನ್ನಿ. ದಪ್ಪ ಅಡಿಯ ಶೂ ಹಾಕಿ, ಚಪ್ಪಲಿ ಬೇಡ. ಇಂಥವರಿಗೆ ನನ್ನ ಸಲಹೆ: ಮೈಸನ್ ಒಂದರಲ್ಲೇ ಮೂರು ದಿನ ಇರಿ. ಪಿಂಗಾಣಿ ಕಾರ್ಖಾನೆ ಸಮತಟ್ಟು ಜಾಗದಲ್ಲಿದೆ, ಡ್ರೆಸ್ಡೆನ್‌ಗೆ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ.

ಮಕ್ಕಳಿಗೆ ಬೇಜಾರಾಗಲ್ವಾ?

ಸೈಫನ್‌ನಲ್ಲಿ ಆಗುವುದಿಲ್ಲ, ಆವಿ ರೈಲಿನಲ್ಲಿ ಆಗುವುದಿಲ್ಲ. ಲೂಥರನ ಕೋಣೆಯಲ್ಲಿ ಖಂಡಿತ ಆಗುತ್ತದೆ.

ಭಾನುವಾರ, ಸೋಮವಾರ ಏನೋ ತೊಂದರೆಯಂತೆ?

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದಿನಸಿಯೂ ಸಿಗುವುದಿಲ್ಲ. ಪ್ರವಾಸಿ ಊರುಗಳಲ್ಲಿ ಸ್ವಲ್ಪ ಸಡಿಲ. ಸೋಮವಾರ ಬಹಳಷ್ಟು ಮ್ಯೂಸಿಯಂಗಳಿಗೆ ರಜೆ. ಆದ್ದರಿಂದ ಭಾನುವಾರ ಮ್ಯೂಸಿಯಂ, ಸೋಮವಾರ ರೈಲು ಪ್ರಯಾಣ ಅಂತ ಇಟ್ಟುಕೊಳ್ಳಿ.

ಕಾರ್ಡು ನಡೆಯುತ್ತಾ? ಚೌಕಾಸಿ ಮಾಡಬಹುದಾ?

ಕಾರ್ಡು ಈಗ ಬಹಳ ಕಡೆ ನಡೆಯುತ್ತದೆ. ಆದರೂ ಸಣ್ಣ ಕಾರ್ಯಾಗಾರ, ಬೇಕರಿಗಳಲ್ಲಿ ‘ನೂರ್ ಬಾರ್’ ಅನ್ನುತ್ತಾರೆ, ನಗದು ಮಾತ್ರ. ದಿನಕ್ಕೆ 50 ಯೂರೋ ನೋಟು, ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಕೋಟೆ, ಮ್ಯೂಸಿಯಂ ಟಿಕೆಟ್ ಬಹುತೇಕ 8ರಿಂದ 15 ಯೂರೋ.

ಚೌಕಾಸಿ ಮಾಡಬೇಡಿ. ಇಲ್ಲಿ ಅದು ಕೆಲಸಕ್ಕೆ ಬೆಲೆ ಕೊಡದ ಹಾಗೆ ಕೇಳಿಸುತ್ತದೆ. ಸೈಫನ್‌ನಲ್ಲಿ ಬೆಂಕಿಪೊಟ್ಟಣದೊಳಗೆ ಕೂರುವಷ್ಟು ಚಿಕ್ಕ ಬೊಂಬೆಗಳಿವೆ. ನೆಂಟರಿಗೆ ಒಯ್ಯಲು ಅವೇ ಸರಿ, ಹಗುರ, ಒಡೆಯುವುದಿಲ್ಲ. ಎಲ್ಲಿ ಮಾಡಿದ್ದು ಅಂತ ತಳ ನೋಡಿ. ಅಗ್ಗದ ನಕಲುಗಳೂ ಪಕ್ಕದಲ್ಲೇ ಇರುತ್ತವೆ. ಕೆಲಸ ಮಾಡುವವರ ಫೋಟೋ ತೆಗೆಯುವ ಮುಂಚೆ ಕೇಳಿ. ಒಂದೇ ಅಂಗಡಿಯಲ್ಲಿ 50 ಯೂರೋಗಿಂತ ಜಾಸ್ತಿ ಕೊಂಡರೆ ತೆರಿಗೆ ವಾಪಸ್ ಪಡೆಯುವ ಚೀಟಿ ಕೇಳಿ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರಿಗೆ ಸಾಮಾನು ತೋರಿಸಿ ಮುದ್ರೆ ಹಾಕಿಸಬೇಕು. ಹಾಗಾಗಿ ಅದನ್ನು ಬ್ಯಾಗಿನ ಅಡಿಗೆ ಹಾಕಬೇಡಿ.

ಕನ್ನಡಕ್ಕೆ ಸಂಬಂಧಪಟ್ಟ ಊರು ಯಾವುದಾದರೂ ಇದೆಯಾ?

ಇದೆ, ಎರಡು. ಆದರೆ ನೈಋತ್ಯದ ಕಡೆ, ಷ್ಟುಟ್‌ಗಾರ್ಟ್ ಹತ್ತಿರ. ಒಂದೆರಡು ದಿನ ಹೆಚ್ಚಿಗೆ ಇದ್ದರೆ ಮಾತ್ರ.

ಎಸ್ಲಿಂಗೆನ್. ಬೆಟ್ಟದ ಮೇಲೆ ಕೋಟೆ ಗೋಡೆ, ಕೆಳಗೆ ದ್ರಾಕ್ಷಿ ತೋಟ, ಮಧ್ಯಯುಗದ ಮರದ ಮನೆಗಳು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರುಮಾಡಿದ ಹರ್ಮನ್ ಮ್ಯೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲೇ. ಇನ್ನೊಂದು ಟ್ಯೂಬಿಂಗೆನ್. ನೆಕರ್ ಹೊಳೆ, ಉದ್ದ ಗಳು ಹಾಕಿ ನಡೆಸುವ ದೋಣಿ, ಮೇಲೆ ಹೋಹೆನ್‌ಟ್ಯೂಬಿಂಗೆನ್ ಅರಮನೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದು ಈ ಊರಲ್ಲಿ. 1903ರಲ್ಲಿ ತೀರಿಕೊಂಡರು, ಸಮಾಧಿಯೂ ಅಲ್ಲೇ ಇದೆ. ಷ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆ. ಬೆಳಿಗ್ಗೆ ಟ್ಯೂಬಿಂಗೆನ್, ಮಧ್ಯಾಹ್ನದ ಮೇಲೆ ಎಸ್ಲಿಂಗೆನ್ ಮುಗಿಸಿ ರಾತ್ರಿ ಊಟಕ್ಕೆ ಷ್ಟುಟ್‌ಗಾರ್ಟ್‌ಗೆ ವಾಪಸ್ ಬರಬಹುದು. ಅಲ್ಲಿ ದೋಸೆ ಸಿಗುತ್ತದೆ.